ಅದುಮಿದ ತಂತಿಗಳು

ನಲವತ್ತು ದಾಟಿದರೂ ತಂಡದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಚಿಕ್ಕೋನು ಅಂತಲೇ. ದೊಡ್ಡೋನು ಒಬ್ಬ ಇದ್ದನಲ್ಲ, ಅದಕ್ಕೆ. ಅಣ್ಣ ಹಾಡುತ್ತಿದ್ದ, ತಮ್ಮ ಗಿಟಾರ್ ನುಡಿಸುತ್ತಿದ್ದ, ಅತ್ತಿಗೆ ಡ್ರಮ್ಸ್ ಬಾರಿಸುತ್ತಿದ್ದಳು. ಅಣ್ಣನ ಗೆಳೆಯ ಲಂಬು ತನ್ನಷ್ಟೇ ಎತ್ತರದ ಬೇಸ್ ತಂತಿವಾದ್ಯವನ್ನು ತಬ್ಬಿಕೊಂಡು ಹಿಂದೆ ನಿಲ್ಲುತ್ತಿದ್ದ. ಅಣ್ಣನ ಕಂಠ ಎಂಥದ್ದೆಂದರೆ, ಉಳಿದ ಮೂವರತ್ತ ಯಾರೂ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೂವರಿಗೂ ಅದರ ಬೇಸರವಿರಲಿಲ್ಲ.

ಆ ಅಣ್ಣ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಮೇಲೇಳಲಿಲ್ಲ.

ಚಿಕ್ಕೋನ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಬಂದವರಿಗೆ ಕುರ್ಚಿ ಹಾಕಿದ, ಹೊರಟವರನ್ನು ಬಾಗಿಲವರೆಗೆ ಬಿಟ್ಟುಬಂದ. ಮರುವಾರ ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಗೆ ಹೋಗಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತ. ಕೆಲಸ ಒಂದಿಷ್ಟೂ ಕೆಡಲಿಲ್ಲ. "ಅವನದು ಕಲ್ಲು ಮನಸ್ಸು ಬಿಡಿ" ಎಂದು ಬಂಧುಗಳು ಆಡಿಕೊಂಡದ್ದು ಅವನ ಕಿವಿಗೂ ಬಿತ್ತು. ಇರಬಹುದು ಅಂದುಕೊಂಡ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅನ್ನುವುದೂ ಅವನಿಗೆ ತಿಳಿಯುತ್ತಿರಲಿಲ್ಲ. ಅಮ್ಮ ಎದುರಿಗೇ ಕೂತು ಅತ್ತರೆ, ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿದ್ದಾರೇನೋ ಎಂಬಂತೆ ಕೇಳಿಸಿಕೊಳ್ಳುತ್ತಿದ್ದ.

ಹೀಗಿರುವಾಗ ಅತ್ತಿಗೆ ಫೋನ್ ಮಾಡಿದಳು.

"ಭಾನುವಾರ ರೂಮಿಗೆ ಬಾರಪ್ಪ. ಲಂಬುಗೂ ಹೇಳಿದೀನಿ."

"ಯಾಕೆ ಅತ್ತಿಗೆ? ಹಾಡೋರು ಯಾರು?"

"ಯಾರೂ ಹಾಡೋದು ಬೇಡ. ಮನೇಲಿ ಕೂತ್ರೆ ಗೋಡೆಗಳು ಮೈಮೇಲೆ ಬಂದ ಹಾಗಾಗತ್ತೆ. ಏನಾದ್ರೂ ಬಾರಿಸ್ಬೇಕು ನಂಗೆ."

"ಹೂಂ" ಅಂದ. ಬೇಡ ಅನ್ನುವುದಕ್ಕೂ ಒಂದು ಮನಸ್ಸು ಬೇಕಲ್ಲ.

ತಂಡ ಅಭ್ಯಾಸ ಮಾಡುತ್ತಿದ್ದ ಆ ರೂಮು ಇದ್ದದ್ದು ಟೈರ್ ಅಂಗಡಿಯ ಮಹಡಿಯಲ್ಲಿ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಕೆಳಗಿನಿಂದ ರಬ್ಬರಿನ ವಾಸನೆ ಬರುತ್ತಿತ್ತು. ನಡುವೆ ಮೈಕು, ಅಣ್ಣನ ಬಾಯಿಯ ಎತ್ತರಕ್ಕೇ ನಿಂತಿತ್ತು. ಲಂಬು ಅದನ್ನು ಸೋಕದೆ ಸುತ್ತಿಕೊಂಡು ತನ್ನ ಜಾಗಕ್ಕೆ ಹೋದ.

ಒಂದು ಹಳೆಯ ಹಾಡು ಎತ್ತಿಕೊಂಡರು. ಚಿಕ್ಕೋನ ಕೈ ತನ್ನ ಪಾಡಿಗೆ ತಾನು ಓಡಿತು. ಆದರೆ ಅಣ್ಣ ದನಿ ಎತ್ತುತ್ತಿದ್ದ ಕಡೆ ಬಂದದ್ದೇ ಮೂವರೂ ವಾದ್ಯದ ಸದ್ದು ತಗ್ಗಿಸಿದರು. ಅಷ್ಟು ವರ್ಷದ ರೂಢಿ. ಯಾರೂ ಹಾಡಲಿಲ್ಲ. ಇನ್ನೊಂದು ಹಾಡು ಹಿಡಿದರು, ಅಲ್ಲೂ ಅದೇ ಕಥೆ.

"ಮೂರೂ ಜನ ಬಾಗಿಲು ತೆಗ್ದು ನಿಂತಿದೀವಿ. ಒಳಗೆ ಬರೋರೇ ಇಲ್ಲ" ಅಂದ ಲಂಬು.

ಅತ್ತಿಗೆ ಕೋಲುಗಳನ್ನು ಕೆಳಗಿಟ್ಟು, ಡ್ರಮ್ಮಿನ ಮೇಲೆ ಮೆಲ್ಲಗೆ ಸವರುವ ಬ್ರಷ್‌ಗಳನ್ನು ತೆಗೆದುಕೊಂಡಳು. "ಹಾಗಾದ್ರೆ ಗೊತ್ತಿರೋದು ಯಾವ್ದೂ ಬೇಡ. ಒಬ್ರು ಶುರು ಮಾಡಿ, ಉಳಿದೋರು ಹಿಂದೆ ಹೋಗೋಣ."

"ಎಲ್ಲಿಗೆ?"

"ನಂಗೇನು ಗೊತ್ತು?"

ಅವಳೇ ಶುರು ಮಾಡಿದಳು, ಅಂಗಳ ಗುಡಿಸುವ ಹಾಗೆ. ಲಂಬು ಒಂದೇ ಸ್ವರವನ್ನು ಹಿಡಿದು ಮೀಟತೊಡಗಿದ. ಚಿಕ್ಕೋನು ಎಲ್ಲಿ ಬೆರಳಿಟ್ಟರೂ ಅಣ್ಣ ಹಾಡಿದ ಯಾವುದಾದರೊಂದು ಹಾಡಿನ ಸಾಲು ಬಂದು ಒಕ್ಕರಿಸುತ್ತಿತ್ತು. ದುಃಖವೇನೂ ಆಗಲಿಲ್ಲ, ಸಾಕು ಅನ್ನಿಸಿತು ಅಷ್ಟೆ. ಬಾಯಿ ಮುಚ್ಚಿಸುವವನಂತೆ ತಂತಿಗಳ ಮೇಲೆ ಅಂಗೈ ಅದುಮಿದ. ಬೆರಳುಗಳು ಮಾತ್ರ ನಿಲ್ಲಲಿಲ್ಲ.

ಟೊಕ್. ಟಕ್. ಟೊಕ್.

ನಾದವಿಲ್ಲದ ಒಣ ಸದ್ದು, ಮುಚ್ಚಿದ ಪೆಟ್ಟಿಗೆಯನ್ನು ಒಳಗಿನಿಂದ ಯಾರೋ ತಟ್ಟಿದಂತೆ. ನಾಚಿಕೆಯಾಗಿ ಕೈ ತೆಗೆಯಹೋದ.

"ನಿಲ್ಲಿಸ್ಬೇಡ" ಅಂದಳು ಅತ್ತಿಗೆ.

"ಇದು ಸ್ವರವೇ ಅಲ್ಲ ಅತ್ತಿಗೆ."

"ಅಲ್ದಿದ್ರೆ ಬಿಡು. ನಿಲ್ಲಿಸ್ಬೇಡ ಅಂದೆ."

ಅವಳು ಡ್ರಮ್ಮಿನ ಅಂಚಿನ ಮೇಲೆ ಅದಕ್ಕೆ ಉತ್ತರ ಕೊಟ್ಟಳು. ಚಿಕ್ಕೋನು ಅಂಗೈಯನ್ನು ಒಂದು ಕೂದಲೆಳೆ ಸರಿಸಿದ. ಅರ್ಧ ಸ್ವರ ಉಸಿರು ಕಟ್ಟಿಕೊಂಡು ಹೊರಟು ಅಲ್ಲೇ ಆರಿತು. ಇನ್ನಷ್ಟು ಸರಿಸಿದ, ಬೇರೆಯದೇ ಒಂದು ಬಂತು. ಇಷ್ಟು ವರ್ಷ ಅವನು ತಂತಿಗಳನ್ನು ಮಿಂಚುವಂತೆ ನುಡಿಸಿದ್ದು ಅಣ್ಣನ ಕಂಠಕ್ಕೆ ಒಪ್ಪಲೆಂದು. ಇದರ ಮೇಲೆ ಯಾರೂ ಹಾಡಲು ಸಾಧ್ಯವಿರಲಿಲ್ಲ. ಲಂಬುವಿನ ಬೆರಳು ಜಾರಿ ಬೇಸು ಕಿರ್ರೆಂದಿತು. ಅತ್ತಿಗೆಗೆ ನಗು ಬಂತು. ಲಂಬು ಬೇಕೆಂದೇ ಇನ್ನೊಮ್ಮೆ ಜಾರಿಸಿದ, ಮೂವರೂ ಆ ಕಿರುಗುಟ್ಟುವಿಕೆಯ ಹಿಂದೆ ಹೊರಟರು.

ಟೈರ್ ಅಂಗಡಿಯವನು ಮೇಲೆ ಬಂದು ಬಾಗಿಲು ತಳ್ಳಿದ. "ಏನ್ರೀ, ಪೈಪ್ ಗೀಪ್ ಒಡೀತಾ?" ಮೂವರೂ ನುಡಿಸುತ್ತಲೇ ಇದ್ದರು. ಅವನು ಬಾಗಿಲಿಗೆ ಒರಗಿ ನಿಂತುಬಿಟ್ಟ.

ನಿಲ್ಲಿಸಿದಾಗ ಅತ್ತಿಗೆಯ ಮುಖವೆಲ್ಲ ಒದ್ದೆಯಾಗಿತ್ತು. ಲಂಬು ಗೋಡೆಯ ಹಾಸಿಗೆಯ ಕಡೆ ತಿರುಗಿ ಮೂಗೊರೆಸಿಕೊಂಡ. ಚಿಕ್ಕೋನಿಗೆ ಆಗಲೂ ಅಳು ಬರಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡ. ತಂತಿಯ ಗೆರೆಗಳು ಕೆಂಪಗೆ ಎದ್ದಿದ್ದವು.

"ಉರೀತಿದೆ" ಅಂದ, ತನಗೇ ಆಶ್ಚರ್ಯವೆಂಬಂತೆ.

ಆಮೇಲೆ ಭಾನುವಾರಗಳೆಲ್ಲ ಅದಕ್ಕೇ ಮೀಸಲಾದವು. ವರ್ಷ ತುಂಬುವ ಮೊದಲೇ ಒಂದು ಸಣ್ಣ ಸಭಾಂಗಣದಲ್ಲಿ ನುಡಿಸಿದರು. ಅಣ್ಣನ ಹಾಡು ಕೇಳಲು ಬಂದವರಲ್ಲಿ ಅರ್ಧ ಜನ ನಡುವೆಯೇ ಎದ್ದುಹೋದರು. ಉಳಿದವರು ಕೊನೆಗೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಒಬ್ಬರನ್ನೊಬ್ಬರು ನೋಡಿಕೊಂಡು, ಆಮೇಲೆ ಹೊಡೆದರು.

ಅಮ್ಮ ಮುಂದಿನ ಸಾಲಿನಲ್ಲೇ ಇದ್ದಳು. ಹೊರಗೆ ಬರುವಾಗ ಮಗನ ತೋಳು ಹಿಡಿದುಕೊಂಡಳು.

"ನೀನು ಹಿಂಗೆ ನುಡಿಸ್ತೀಯ ಅಂತ ಗೊತ್ತೇ ಇರ್ಲಿಲ್ಲ ಕಣೋ."

"ನಂಗೂ ಇರ್ಲಿಲ್ಲಮ್ಮ."

ಬಸ್ಸಿನ ಕಡೆ ನಡೆದರು. ಅವಳ ಕೈ ತಣ್ಣಗಿರುವುದು ಅವನ ಗಮನಕ್ಕೆ ಬಂತು.

"ಚಳಿ ಆಗ್ತಿದ್ಯಾ?" ಎಂದು ಕೇಳಿದ. ಅಣ್ಣ ಹೋದ ಮೇಲೆ ಅಮ್ಮನನ್ನು ಅವನು ಏನಾದರೂ ಕೇಳಿದ್ದು ಅದೇ ಮೊದಲು.