ಗೊಂಬೆಗೆ ಬೆಳಕು

"ಇದರಾಗ ನಮ್ಮ ಕೂಸಿನ್ನ ಮಲಗಸ್ರೀ ಮೇಡಂ," ಎಂದಳು ನೀಲಾಂಬಿಕಾ.

ದೊಡ್ಡನೆಕ್ಕುಂದಿಯ ಆ ಸಣ್ಣ ಆಸ್ಪತ್ರೆಗೆ ಎಳೆಗೂಸುಗಳ ಕಾಮಾಲೆ ಇಳಿಸುವ ಹೊಸ ಯಂತ್ರ ಬಂದು ಮೂರು ದಿನವಾಗಿತ್ತು. ಅದರ ನೀಲಿ ಬೆಳಕಿನ ಕೆಳಗೆ ಪ್ಲಾಸ್ಟಿಕ್ ಗೊಂಬೆಯೊಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹಾಯಾಗಿ ಮಲಗಿತ್ತು. ನೀಲಾಂಬಿಕಾಳ ಮಡಿಲಲ್ಲಿದ್ದ ನಾಲ್ಕು ದಿನದ ಕೂಸು ಮಾತ್ರ ಕಣ್ಣಿನ ಬಿಳಿ ಗುಡ್ಡೆಯವರೆಗೂ ಹಳದಿಯಾಗಿತ್ತು. ಬೆಳಗಿನಿಂದ ಮೊಲೆ ಹಿಡಿದಿರಲಿಲ್ಲ.

ಯಂತ್ರ ಮಾಡಿದವಳು ಸುಕೃತಿ. ಇದೇ ಬೆಂಗಳೂರಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದು, ಹೊರದೇಶದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಜಾಣೆ. ಬಡ ದೇಶಗಳಿಗೆ ಅಗ್ಗದ ವೈದ್ಯಕೀಯ ಯಂತ್ರ ಮಾಡುವವರಿಗೆಂದೇ ಅಲ್ಲೊಂದು ಫೆಲೋಶಿಪ್ ಇತ್ತು. ಅದಕ್ಕೆ ಅರ್ಜಿ ಹಾಕುವ ಮೊದಲು ಬಡವರನ್ನು ಕಂಡು ಮಾತಾಡಿಸಬೇಕಲ್ಲ, ಎರಡು ವರ್ಷದ ಹಿಂದೆ ಗಾರೆ ಕೆಲಸದವರ ಶೆಡ್ಡುಗಳಿಗೆ ಬಂದಿದ್ದಳು. ಅಲ್ಲಿದ್ದ ನೀಲಾಂಬಿಕಾಳ ಚೊಚ್ಚಲ ಮಗಳು ಕಾಮಾಲೆಯಿಂದ ಎಂಟನೇ ದಿನ ಹೋದದ್ದನ್ನು ಕೇಳಿ, ಬರೆದುಕೊಂಡು, ತಾನೂ ಅತ್ತಿದ್ದಳು. ಆ ಅಳು ಸುಳ್ಳಲ್ಲ. ಫೆಲೋಶಿಪ್ ಸಿಕ್ಕಿದ್ದೂ ಆ ಕಥೆಯಿಂದಲೇ.

"ಆಗಲ್ಲ ನೀಲಮ್ಮ. ಸರ್ಕಾರದ ಪರ್ಮಿಷನ್ ಇನ್ನೂ ಬಂದಿಲ್ಲ. ಅಲ್ಲೀತನಕ ಮಕ್ಕಳನ್ನ ಇದರಲ್ಲಿ ಇಡೋ ಹಾಗಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದಳು ಸುಕೃತಿ.

"ಇಡಲಿಲ್ಲಂದ್ರ ಏನಾಕ್ಕೈತಿ ಅಂತ ನಿಮಗ ನಾನೇ ಹೇಳೀನಲ್ರೀ."

ಸುಕೃತಿ ಗೊಂಬೆಯ ಕಣ್ಣಿನ ಪಟ್ಟಿಯನ್ನು ಸರಿಮಾಡಿದಳು. "ದೇವ್ರು ಕೊಟ್ರೂ ಪೂಜಾರಿ ಕೊಡ," ಎಂದು ಆಯಾ ದೇವಕ್ಕ ಯಾರಿಗೂ ಅಲ್ಲವೆಂಬಂತೆ ಗೊಣಗಿ, ಸಿಟಿಯ ದೊಡ್ಡಾಸ್ಪತ್ರೆಗೆ ಡಾಕ್ಟರು ಬರೆದಿದ್ದ ಚೀಟಿಯನ್ನು ನೀಲಾಂಬಿಕಾಳ ಕೈಗಿತ್ತಳು.

ಅಷ್ಟರಲ್ಲಿ ಫೆಲೋಶಿಪ್ ಕೊಟ್ಟವರ ಕಾರುಗಳು ಬಂದವು. "ಒಂದೈದು ನಿಮಿಷ ಇರ್ತೀರಾ? ನಿಮ್ಮನ್ನ ನೋಡ್ಬೇಕಂತೆ," ಎಂದಳು ಸುಕೃತಿ, ಮುಖ ನೋಡದೆ. ಇವರು ದೊಡ್ಡವರು, ಇವರು ಹೇಳಿದರೆ ಆದೀತು ಎಂಬ ಆಸೆಯಿಂದ ನೀಲಾಂಬಿಕಾ ನಿಂತಳು. ಸತ್ತ ಮಗಳ ಕಥೆಯನ್ನು ಮೊದಲಿನಿಂದ ಹೇಳಿದಳು. ಬಿಳಿ ಕೂದಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಏನೋ ಕೇಳಿದಳು.

"ಈ ಮಷೀನ್ ಆಗ ಇದ್ದಿದ್ರೆ ನಿಮ್ಮ ಮಗಳು ಉಳೀತಿದ್ಲಾ ಅಂತ ಕೇಳ್ತಿದಾರೆ," ಎಂದಳು ಸುಕೃತಿ.

"ಈಗ ಐತಲ್ರೀ," ಎಂದಳು ನೀಲಾಂಬಿಕಾ, ಕೂಸನ್ನು ಮುಂದೆ ಹಿಡಿದು. "ಈ ಕೂಸಿಗೆ ಹಚ್ರೀ."

ಸುಕೃತಿ ಅದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳಿದಳೋ, ಬಂದವರೆಲ್ಲ ಚಪ್ಪಾಳೆ ತಟ್ಟಿದರು. ನೀಲಾಂಬಿಕಾಳಿಗೆ ಮೈಯೆಲ್ಲ ಉರಿಯಿತು. ಫೋಟೋಕ್ಕೆ ನಿಲ್ಲದೆ ಹೊರಟುಬಿಟ್ಟಳು.

ದೊಡ್ಡಾಸ್ಪತ್ರೆಯಷ್ಟು ದೂರಕ್ಕೆ ಯಾವ ಆಟೋದವನೂ ಒಪ್ಪಲಿಲ್ಲ. ಸಿಕ್ಕಿದ ಬಸ್ಸು ಮಾರತ್ತಹಳ್ಳಿ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ಕದಲಲಿಲ್ಲ. ಎಳೆಗೂಸಿನ ಹಳದಿ ಬಿಸಿಲಿಗೆ ಇಳಿಯುತ್ತದೆಂದು ಊರಲ್ಲಿ ಮುದುಕಿಯರು ಹೇಳುತ್ತಿದ್ದರು. ನೀಲಾಂಬಿಕಾ ಕಿಟಕಿಯ ಗಾಜು ಸರಿಸಿ, ಕೂಸಿನ ಬಟ್ಟೆ ಬಿಚ್ಚಿ, ಅದರ ಎದೆಯನ್ನು ಬಿಸಿಲಿಗೆ ಒಡ್ಡಿದಳು.

"ಎಳೇ ಮಗು, ಬಿಸಿಲು ಹೊಡೀತಿದೆ ಕಣಮ್ಮ," ಎಂದು ಪಕ್ಕದ ಸೀಟಿನ ಹೆಂಗಸು ಅಕ್ಕರೆಯಿಂದ ತನ್ನ ಸೆರಗನ್ನು ಕೂಸಿನ ಮೇಲೆ ಹೊದಿಸಿದಳು. ನೀಲಾಂಬಿಕಾ ಸೆರಗನ್ನು ಸರಿಸಿದಳು. ಆಕೆ ಮತ್ತೆ ಹೊದಿಸಿದಳು.