ಸೀದಾ ಮಗ್ಗುಲು

ಟಾರ್ಚಿನ ಬೆಳಕು ಬಿದ್ದ ಕಡೆ ಒಂದು ಕಿವಿಯೋಲೆ ಕಾಣಿಸಿತು. ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಾಗ ಕಿವಿ, ಕೆನ್ನೆ, ಆಮೇಲೆ ಅರ್ಧ ಬಾಯಿ. ಉಳಿದ ಟಿವಿ ಪರದೆಯೆಲ್ಲ ಕಾಡಿಗೆ ಬಳಿದ ಹಾಗೆ ಕಪ್ಪು. ಒಳಗಿನಿಂದ ಹವಾಮಾನ ಹೇಳುವವಳ ಧ್ವನಿ ಮಾತ್ರ ಏನೂ ಆಗಿಲ್ಲವೆಂಬಂತೆ ಸ್ಪಷ್ಟವಾಗಿ ಬರುತ್ತಿತ್ತು.

"ಜೀವ ಇದೆ ರೀ!" ಮಂಡಿಯೂರಿ ಕೂತಿದ್ದ ಟೈಲರಮ್ಮ ಕುಳಿತಲ್ಲಿಂದಲೇ ತಿರುಗಿ ಕೂಗಿದಳು. "ಚಿತ್ರ ಬರ್ತಾನೇ ಇದೆ. ಹಿಂದಿನ ದೀಪ ಹೋಗಿದೆ, ಅಷ್ಟೇ."

ಅವಳ ಗಂಡ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿದ್ದ. ಬಸ್ಸಿನ ಡ್ರೈವರ್. ವಾರಕ್ಕೊಂದೇ ರಜೆ, ಭಾನುವಾರ. ಅದೂ ಕೈತಪ್ಪುವ ಸೂಚನೆ ಅವನಿಗೆ ಆಗಲೇ ಸಿಕ್ಕಿತ್ತು.

"ರಿಪೇರಿಯವನು ಪ್ಯಾನಲ್ಲೇ ಹೋಗಿದೆ, ಎತ್ತಿ ಬಿಸಾಕಿ ಅಂದನಲ್ಲ ನಿನ್ನೆ. ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ?"

"ಅವನು ಚೀಲದ ಜಿಪ್ಪೂ ಎಳೀಲಿಲ್ಲ. ಬಾಗಿಲಲ್ಲೇ ನಿಂತು ಭುಜ ಕುಣಿಸಿ ಹೋದ. ಮುಟ್ಟಿ ನೋಡದೆ ಅಳತೆ ಹೇಳೋ ದರ್ಜಿ ಹತ್ರ ನೀವು ಬಟ್ಟೆ ಹೊಲಿಸ್ತೀರಾ?"

ಡ್ರೈವರ್ ಕಾಫಿ ಕುಡಿದ.

ಟಿವಿ ಕತ್ತಲಾಗಿ ಐದು ದಿನವಾಗಿತ್ತು. ನಿಜ ಹೇಳಬೇಕೆಂದರೆ ಗಂಡಹೆಂಡತಿಗೆ ಅದರಿಂದ ಅಂಥ ತೊಂದರೆಯೇನೂ ಆಗಿರಲಿಲ್ಲ. ಅವನು ಆಟದ ವಿವರಣೆ ಕೇಳಿಕೊಂಡು ಶೂ ಪಾಲಿಶ್ ಮಾಡಿದ. ಅವಳು ವಾರ್ತೆ ಕೇಳಿಕೊಂಡು ಶಾಲೆಯ ಸಮವಸ್ತ್ರಗಳಿಗೆ ಅಂಚು ಮಡಿಸಿದಳು. ಆದರೆ ಕಿಟಕಿಯ ಪಕ್ಕದ ಮಂಚದ ಮೇಲೆ ಕೂರುವ ಅತ್ತೆಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವರ ಪಾಲಿಗೆ ಅದು ಗೋಡೆಗೆ ಆನಿಸಿಟ್ಟ ಕಪ್ಪು ಹಲಗೆಯಾಗಿಬಿಟ್ಟಿತ್ತು.

ಅಷ್ಟೇ ಆಗಿದ್ದರೆ ಅವರೇ ಸುಮ್ಮನಿರುತ್ತಿದ್ದರು. ಆದರೆ ಅವರ ಮಗಳು, ಅಂದರೆ ಟೈಲರಮ್ಮನ ನಾದಿನಿ, ದೂರದ ಊರಿನ ವಾರ್ತಾ ವಾಹಿನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ವಾರ್ತೆ ಓದುವ ಕೆಲಸವಲ್ಲ. ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ಚೌಕವಿರುತ್ತದಲ್ಲ, ಅದರೊಳಗೆ ನಿಂತು ಇಡೀ ವಾರ್ತೆಯನ್ನು ಕೈಯಲ್ಲಿ ಹೇಳುವ ಕೆಲಸ. ಅಮ್ಮನ ಜೊತೆ ಮಾತಾಡುತ್ತ ಕಲಿತ ಕೈಗೆ ಓದು ಸೇರಿ, ಪರೀಕ್ಷೆ ಸೇರಿ, ಆ ಕೈ ಈ ಚೌಕದವರೆಗೆ ಹೋಗಿ ನಿಂತಿತ್ತು. ಇವತ್ತು ಮಧ್ಯಾಹ್ನ ನಾಲ್ಕು ಗಂಟೆಯದು ಅವಳ ಮೊದಲ ವಾರ್ತೆ. ಅವಳ ಮಾತು ಕೇಳಿಸುವಂಥದ್ದಲ್ಲ, ಕಾಣಿಸಬೇಕು.

ಫೋನಿನಲ್ಲಿ ನೋಡಬಹುದಿತ್ತು. ಆದರೆ ಫೋನಿನಲ್ಲಿ ಆ ಚೌಕ ಅಂಗಿಯ ಗುಂಡಿಯಷ್ಟು, ಅತ್ತೆಯ ಕಣ್ಣು ನಲವತ್ತು ವರ್ಷ ಗುಂಡಿ ತೂರುವ ಕಾಜ ಹೊಲಿದು ಸೋತ ಕಣ್ಣು. ಪಕ್ಕದ ಮನೆಯವರು ಬನ್ನಿ ಎಂದು ಕರೆದಿದ್ದರು. ಅತ್ತೆ ತಲೆಯಾಡಿಸಿ ಕೈಯಲ್ಲಿ ಹೇಳಿದ್ದರು: "ನನ್ನ ಮಗಳು ಬರ್ತಿರೋದು ನನ್ನನ್ನ ನೋಡೋಕೆ. ಅವರ ಮನೆಗೆ ಯಾಕೆ ಬರಬೇಕು?" ಟಿವಿಯಲ್ಲಿ ಇರುವವರಿಗೆ ನಾವು ಕಾಣುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಆದರೂ ಹಾಗೆಯೇ ಹೇಳಿದರು.

ಈ ಮನೆಯಲ್ಲಿ ಎಲ್ಲರ ಹೆಸರೂ ಬೆರಳಲ್ಲಿದೆ, ಎಲ್ಲವನ್ನೂ ಇಟ್ಟವರು ಅತ್ತೆ. ಡ್ರೈವರನದು ಸ್ಟೇರಿಂಗ್ ತಿರುಗಿಸುವ ಎರಡು ಮುಷ್ಟಿ. ನಾದಿನಿಯದು ಕಣ್ಣಿನ ಹತ್ತಿರ ಪಟಪಟ ಬಡಿಯುವ ಎರಡು ಬೆರಳು, ಹುಟ್ಟಿದಾಗಿನಿಂದ ಕಣ್ಣು ಮಿಟುಕಿಸುವವಳೆಂದು. ಅತ್ತೆಯದು ಎದೆಯ ಹತ್ತಿರದಿಂದ ಸೂಜಿಯಲ್ಲಿ ದಾರ ಎಳೆದಂತೆ. ಹದಿನಾಲ್ಕು ವರ್ಷದ ಹಿಂದೆ ಸೊಸೆಯಾಗಿ ಬಂದವಳಿಗೆ ಎರಡು ಬೆರಳಿನ ಕತ್ತರಿ ಸಿಕ್ಕಿತು. ಬೀದಿಗೆಲ್ಲ ಅವಳು ಟೈಲರಮ್ಮ, ಇಲ್ಲಿ ಕತ್ತರಿ. ನಿನ್ನೆ ಬಂದ ರಿಪೇರಿಯವನಿಗೂ ಒಂದು ಹೆಸರು ಸಿಕ್ಕಿತ್ತು: ಒಂದು ಸಲ ಕುಣಿಯುವ ಭುಜ.

ಅವನು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಫೋನಿನಲ್ಲಿ ಒಂದು ವಿಡಿಯೊವನ್ನು ಏಳು ಸಲ ನೋಡಿದ್ದರು. ಯಾವುದೋ ಭಾಷೆ, ಯಾವುದೋ ದೇಶ. ಮುಖ ಕಾಣುವುದಿಲ್ಲ, ಎರಡು ಕೈ ಮಾತ್ರ ಟಿವಿ ಬಿಚ್ಚಿ ಜೋಡಿಸುತ್ತಿರುತ್ತವೆ. ಟೈಲರಮ್ಮ ಧ್ವನಿ ತೆಗೆದುಬಿಟ್ಟಿದ್ದಳು. ಕೈ ಓದುವುದರಲ್ಲಿ ಈ ಮನೆಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

"ಪ್ಲಗ್ ತೆಗ್ದಿದ್ದೀಯ ತಾನೇ?" ಎಂದ ಡ್ರೈವರ್.

"ಆಗಲೇ ತೆಗ್ದೆ. ಸ್ವಲ್ಪ ಹೊತ್ತು ಹಾಗೇ ಬಿಡಬೇಕು, ಒಳಗೆ ಕರೆಂಟ್ ಉಳ್ಕೊಂಡಿರುತ್ತಂತೆ. ನೀವು ಕೈ ತೊಳ್ಕೊಂಡು ಬನ್ನಿ."

ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಟಿವಿಯನ್ನು ಮಲಗಿಸಿದರು. ಹಿಂದಿನ ಮುಚ್ಚಳದ ಹದಿನಾರು ಸ್ಕ್ರೂಗಳನ್ನು ಅವಳು ಒಂದು ಕಾಗದದ ಮೇಲೆ, ಎಲ್ಲಿಂದ ತೆಗೆದಳೋ ಅಲ್ಲಲ್ಲೇ ಚುಚ್ಚಿ ನಿಲ್ಲಿಸಿದಳು. ರಿಬ್ಬನ್ನಿನಂಥ ತಂತಿಗಳನ್ನು ಉಗುರಲ್ಲಿ ಬಿಡಿಸಿದಳು. ಮುಂದಿನ ಚೌಕಟ್ಟು ಕಳಚಿದ ಮೇಲೆ ಉಳಿದದ್ದು ಗಾಜಿನ ಪ್ಯಾನಲ್. ಬಿಸ್ಕತ್ತಿನಷ್ಟು ದಪ್ಪವೂ ಇಲ್ಲ, ಅಗಲ ಮಾತ್ರ ಎರಡು ಕೈ ಚಾಚಿದಷ್ಟು.

"ಒಡೆದ್ರೆ?" ಎಂದ ಡ್ರೈವರ್. ಅಷ್ಟುದ್ದದ ಬಸ್ಸನ್ನು ಸಂತೆಯ ಮಧ್ಯೆ ಹಿಂದಕ್ಕೆ ತೆಗೆಯುವವನು ಗಾಜಿನ ಅಂಚನ್ನು ಎರಡು ಸಲ ಹಿಡಿದು ಬಿಟ್ಟ.

"ಒಡೆದ್ರೆ ಬಿಸಾಕೋಣ. ಬಿಸಾಕಿ ಅಂತಾನೇ ಅಲ್ವಾ ಅವನು ಹೇಳಿದ್ದು? ಮೂರು ಅಂದಾಗ ಎತ್ತಿ. ಬಗ್ಗಿಸ್ಬೇಡಿ."

ಒಡೆಯಲಿಲ್ಲ. ಪ್ಯಾನಲ್ ಮಂಚದ ಅಂಚಿನಲ್ಲಿ ಹಾಸಿದ ಹೊದಿಕೆಯ ಮೇಲೆ ಸುಖವಾಗಿ ಮಲಗಿತು, ಅತ್ತೆ ಅದಕ್ಕೆ ಕಾವಲು ಕೂತರು. ಅದರ ಕೆಳಗೆ ಎರಡು ತೆಳು ಹಾಳೆ, ಅವುಗಳ ಕೆಳಗೆ ಹಾಲಿನ ಬಣ್ಣದ ಒಂದು ದಪ್ಪ ಹಾಳೆ. ಟೈಲರಮ್ಮ ಮೊದಲನೆಯದನ್ನು ತೆಗೆದು ಒಗೆದ ಬಟ್ಟೆಯ ಮೇಲಿಟ್ಟಳು. ಎರಡನೆಯದನ್ನು ಎತ್ತಿ ಅದರ ಮೇಲಿಟ್ಟಳು. ಆಗ ಮಂಚದ ಹಲಗೆಯ ಮೇಲೆ ಅತ್ತೆ ಎರಡು ಸಲ ಫಟ್ ಫಟ್ ಎಂದು ಬಡಿದರು.

ನನ್ನ ಕಡೆ ನೋಡು ಎಂಬುದಕ್ಕೆ ಆ ಮನೆಯಲ್ಲಿ ಅದೇ ಕರೆ. ಕರೆದರೆ ನೋಡಲೇಬೇಕು, ಯಾರ ಕೈಯ ಮಾತನ್ನೂ ಅರ್ಧಕ್ಕೆ ಬಿಡಬಾರದು. ಆದರೆ ಟೈಲರಮ್ಮ ಅಷ್ಟರಲ್ಲಿ ದಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗದ್ದ ಎತ್ತಿ "ಇರಿ, ಆಮೇಲೆ" ಎಂದಳು. ಆಮೇಲೆ ಮರೆತಳು.

ಮರೆಯದೆ ಏನು ಮಾಡುತ್ತಾಳೆ? ಹಾಳೆಗಳ ಅಡಿಯಲ್ಲಿ ಅವಳು ಹುಡುಕುತ್ತಿದ್ದದ್ದು ಸಿಕ್ಕಿತ್ತು. ನಾಲ್ಕು ಎಲ್‌ಇಡಿ ಪಟ್ಟಿಗಳು, ಪ್ರತಿ ಪಟ್ಟಿಯಲ್ಲಿ ಎಂಟು ಪುಟಾಣಿ ದೀಪ, ಒಂದೊಂದರ ಮೇಲೂ ಗಾಜಿನ ಗುಂಡಿಯಂಥ ಟೋಪಿ. ಎರಡನೆಯ ಪಟ್ಟಿಯ ಐದನೆಯ ದೀಪ ಸುಟ್ಟು ಕರಕಲಾಗಿತ್ತು. ಎಲ್ಲ ದೀಪಕ್ಕೂ ಒಂದೇ ದಾರಿಯಲ್ಲಿ ಕರೆಂಟು ಹರಿಯುವುದರಿಂದ ಒಂದು ಸತ್ತರೆ ಉಳಿದ ಮೂವತ್ತೊಂದೂ ಕಣ್ಣು ಮುಚ್ಚುತ್ತವೆ.

"ನೋಡಿ! ಸಾಸಿವೆಕಾಳಷ್ಟಿಲ್ಲ. ಇದಕ್ಕೆ ಇಡೀ ಟಿವಿ ಬಿಸಾಕ್ಬೇಕಂತೆ!" ಕರಕಲು ದೀಪವನ್ನು ಗಂಡನ ಮೂಗಿನ ಹತ್ತಿರ ಹಿಡಿದಳು. ಅವನು ಮೊದಲ ಸಲ ನಕ್ಕ.

ಭಾನುವಾರ ಅರ್ಧ ದಿನ ತೆರೆದಿರುವ ಬಿಡಿಭಾಗದ ಅಂಗಡಿ ಎರಡು ಬೀದಿಯಾಚೆ ಇತ್ತು. ಹಳೆಯ ಪಟ್ಟಿಯನ್ನು ಅಳತೆಯ ಟೇಪಿನ ಜೊತೆಗೇ ಹಿಡಿದು ಓಡಿದಳು. ಅಂಗಡಿಯಾಕೆ ಕೊಟ್ಟ ಮೊದಲ ಪಟ್ಟಿಗಳನ್ನು ಅಳೆದು, ಅರ್ಧ ಬೆರಳು ಗಿಡ್ಡವೆಂದು ವಾಪಸು ತಳ್ಳಿದಳು. ಎರಡನೆಯ ಕಟ್ಟು ಸರಿಹೋಯಿತು. ಮನೆಗೆ ಬಂದು ನಾಲ್ಕೂ ಪಟ್ಟಿಗಳನ್ನು ಬದಲಿಸಿ, ಹಾಳೆಗಳನ್ನು ಹಾಸಿ, ಪ್ಯಾನಲ್ ಕೂರಿಸಿ, ರಿಬ್ಬನ್ನುಗಳನ್ನು ಸಿಕ್ಕಿಸಿ, ಹದಿನಾರು ಸ್ಕ್ರೂಗಳನ್ನು ಬಿಗಿಯುವ ಹೊತ್ತಿಗೆ ಮೂರು ಗಂಟೆಗೆ ಹತ್ತು ನಿಮಿಷವಿತ್ತು.

ಸ್ವಿಚ್ ಒತ್ತಿದರು. ದೀಪ ಹತ್ತಿತು.

ಹತ್ತಿತು, ಆದರೆ ಚಿತ್ರ ಕಲಗಚ್ಚಿನೊಳಗಿಂದ ನೋಡಿದ ಹಾಗಿತ್ತು. ಮುಖಗಳಿಗೆ ಕಣ್ಣಿಲ್ಲ, ಮೂಗಿಲ್ಲ. ಮೂಲೆಯಲ್ಲಿ ಯಾರಾದರೂ ಕೈ ಆಡಿಸಿದರೆ ಹೊಗೆಯಾಡಿದಂತೆ ಕಾಣಬಹುದು, ಅಷ್ಟೇ. ಹೊಸ ಕೋಟಿಗೆ ತೋಳು ಉಲ್ಟಾ ಹೊಲಿದು, ಗಿರಾಕಿ ಎದುರಿಗೆ ನಿಂತಾಗಲೂ ಟೈಲರಮ್ಮನಿಗೆ ಇಷ್ಟು ಅವಮಾನವಾಗಿರಲಿಲ್ಲ.

"ಹೋಗಲಿ ಬಿಡೇ," ಎಂದ ಡ್ರೈವರ್ ಮೆಲ್ಲಗೆ. "ಬೆಳಕಾದ್ರೂ ಬಂತಲ್ಲ. ಇಷ್ಟು ಯಾರು ಮಾಡ್ತಾರೆ?"

ಫಟ್ ಫಟ್. ಮಂಚದ ಹಲಗೆ.

ಈ ಸಲ ಟೈಲರಮ್ಮನ ಕೈ ಖಾಲಿ ಇತ್ತು. ತಿರುಗಿದಳು. ಅತ್ತೆ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಮಗುಚಿ ತೋರಿಸಿದರು. ಇನ್ನೊಮ್ಮೆ ತೋರಿಸಿದರು. ಆಮೇಲೆ ಹೊಲಿಗೆ ಯಂತ್ರದ ಕಡೆ ಬೆರಳು ಮಾಡಿದರು.

ಅವಳು ತನ್ನ ಎರಡು ಅಂಗೈಗಳನ್ನು ಹಾಗೆಯೇ ಮಗುಚಿ ನೋಡಿಕೊಂಡಳು.

ಎರಡು ತುಂಡು ಬಟ್ಟೆ ಕೈಗೆ ಬಂದರೆ ಯಾವ ಟೈಲರನ ಕೈಯಾದರೂ ಮಾಡುವುದು ಒಂದೇ: ಸೀದಾ ಮಗ್ಗುಲಿಗೆ ಸೀದಾ ಮಗ್ಗುಲು, ಮುಖಕ್ಕೆ ಮುಖ. ಹೊಲಿಗೆ ಬೀಳುವುದು ಉಲ್ಟಾ ಮಗ್ಗುಲಿನ ಮೇಲೆ. ಇಪ್ಪತ್ತು ವರ್ಷದಿಂದ ದಿನಕ್ಕೆ ನೂರು ಸಲ ಮಾಡಿದ ಕೈ, ಟಿವಿಯ ಎರಡನೆಯ ಹಾಳೆಯನ್ನೂ ಹೇಳದೆ ಕೇಳದೆ ಮಗುಚಿ ಮೊದಲನೆಯದರ ಮೇಲೆ ಮಲಗಿಸಿತ್ತು. ಅವಳು ಮಗುಚಿದ ಹಾಗೆಯೇ ಒಳಗೆ ಹಾಸಿದ್ದಳು.

"ಆಗಲೇ ಹೇಳೋಕೆ ಬಂದಿರಿ," ಎಂದಳು ಬಾಯಲ್ಲೂ ಕೈಯಲ್ಲೂ. "ನಾನು ನೋಡಲಿಲ್ಲ. ತಪ್ಪಾಯ್ತು ಅತ್ತೆ."

ಅತ್ತೆ ನೊಣ ಓಡಿಸುವಂತೆ ಗಾಳಿಯಲ್ಲಿ ಕೈ ಬೀಸಿದರು. "ತಪ್ಪು ಆಮೇಲೆ ಮಾತಾಡೋಣ. ಬಿಚ್ಚು."

ಡ್ರೈವರ್ ಗಡಿಯಾರ ನೋಡಿದ. ತನ್ನ ಬಸ್ಸು ತಡವಾದಾಗ ಏನು ಮಾಡುತ್ತಾನೋ ಅದನ್ನೇ ಮಾಡಿದ: ಅಂಗಿಯ ತೋಳು ಮೇಲಕ್ಕೆ ಮಡಚಿದ. ಪ್ಲಗ್ ಕಿತ್ತು, ಕಾಯಬೇಕಾದಷ್ಟು ಹೊತ್ತು ಮೂವರೂ ಗಡಿಯಾರವನ್ನೇ ದುರುಗುಟ್ಟಿ ನೋಡುತ್ತ ನಿಂತರು. ಆಮೇಲೆ ಸ್ಕ್ರೂಗಳು ಕಾಗದಕ್ಕೆ ಮರಳಿದವು. "ಮೂರು" ಎನ್ನುತ್ತಿದ್ದಂತೆ ಈ ಸಲ ಅವನು ತಡೆಯದೆ ಎತ್ತಿದ. ಎರಡನೆಯ ಹಾಳೆ ಹೊರಗೆ ಬಂದಾಗ ಅತ್ತೆ ಮಂಚದಿಂದಿಳಿದು ಬಂದು ಕೈಚಾಚಿದರು.

ಹಾಳೆಯ ಎರಡು ಮುಖಗಳೂ ಕಣ್ಣಿಗೆ ಒಂದೇ. ಅತ್ತೆ ಕಣ್ಣು ಮುಚ್ಚಿಕೊಂಡು ಅಂಚಿನಲ್ಲಿ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಆಡಿಸಿದರು. ಒಂದು ಕಡೆ ನುಣುಪು. ಇನ್ನೊಂದು ಕಡೆ ಉಗುರು ತಡೆದು ತಡೆದು ಹೋಯಿತು. ಸೊಸೆಯ ಉಗುರನ್ನು ಹಿಡಿದು ಅದೇ ಜಾಗದಲ್ಲಿ ಎಳೆಸಿದರು. ಒಳ್ಳೆಯ ಪ್ಯಾಂಟಿನ ಬಟ್ಟೆಯ ಓರೆಗೆರೆಗಳ ಹಾಗೆ, ಆದರೆ ಅದರ ನೂರರಲ್ಲೊಂದು ಪಾಲು ಸಣ್ಣಗೆ, ಗೆರೆಗಳಿದ್ದವು.

"ಗೆರೆ ಮೇಲೆ," ಎಂದರು ಅತ್ತೆ ಕೈಯಲ್ಲಿ. "ವಿಡಿಯೊದವನೂ ಉಗುರಿನಲ್ಲಿ ಹೀಗೇ ನೋಡಿ ಇಟ್ಟ. ನೀನು ಅವನ ಸ್ಕ್ರೂ ನೋಡ್ತಿದ್ದೆ."

ಏಳು ಸಲ ನೋಡಿದರೂ ಅವಳಿಗೆ ಅದು ಕಂಡಿರಲಿಲ್ಲ. ಗೆರೆ ಮೇಲೆ ಮಾಡಿ ಹಾಳೆ ಹಾಸಿದಳು. ಅದರ ಮೇಲೆ ಇನ್ನೊಂದು, ಅದರ ಮೇಲೆ ಪ್ಯಾನಲ್. ಹದಿನಾರು ಸ್ಕ್ರೂಗಳಿಗೆ ಸಮಯವಿರಲಿಲ್ಲ, ನಾಲ್ಕು ಮೂಲೆಗೆ ನಾಲ್ಕು ಬಿಗಿದು, ಗಂಡಹೆಂಡತಿ ಇಬ್ಬರೂ ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದರು. ಡ್ರೈವರ್ ಪ್ಲಗ್ ಸಿಕ್ಕಿಸಿದ.

ಕೋಣೆ ಬೆಳಗಿತು.

ಜಾಹೀರಾತಿನ ಒಂದು ಬಟ್ಟೆ ಸೋಪು ಅಷ್ಟು ಚೆನ್ನಾಗಿ ಕಾಣಬಹುದೆಂದು ಮೂವರಿಗೂ ಗೊತ್ತಿರಲಿಲ್ಲ. ನೊರೆಯ ಗುಳ್ಳೆ ಗುಳ್ಳೆಯೂ ಎಣಿಸುವಂತಿತ್ತು. ಡ್ರೈವರ್ "ಹೋ!" ಎಂದು ಕೂಗಿ ಹೆಂಡತಿಯನ್ನು ಅನಾಮತ್ತಾಗಿ ಎತ್ತಿಬಿಟ್ಟ. ಅವಳು "ಇಳಿಸ್ರೀ, ಅತ್ತೆ ಇದ್ದಾರೆ" ಎನ್ನುತ್ತಲೇ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅವಳಿಗೆ ಆ ಕ್ಷಣ ಇಡೀ ಬೀದಿಯ ಟಿವಿಗಳನ್ನು ಬಿಚ್ಚಿ ಜೋಡಿಸುವಷ್ಟು ಹುಮ್ಮಸ್ಸು ಬಂದಿತ್ತು.

ಅತ್ತೆ ಒಂದು ಸಲ ಭುಜ ಕುಣಿಸಿ ರಿಪೇರಿಯವನನ್ನು ನೆನೆದರು. ಆಮೇಲೆ ಸೊಸೆಯನ್ನು ಕರೆದರು. ಎರಡು ಬೆರಳಿನ ಕತ್ತರಿ; ಆದರೆ ಅಲ್ಲಿಗೆ ನಿಲ್ಲಿಸದೆ ಕತ್ತರಿಯನ್ನು ಮೇಲಕ್ಕೆತ್ತಿ ಐದೂ ಬೆರಳು ಅರಳಿಸಿದರು. ಬೆಳಕು. ಹದಿನಾಲ್ಕು ವರ್ಷದ ಹೆಸರಿಗೆ ಹೊಸ ಬಾಲ ಬಂದದ್ದು ನೋಡಿ ಟೈಲರಮ್ಮ ತಾನೂ ಅದನ್ನು ಮಾಡಿ ನೋಡಿದಳು. ಕೈಗೆ ಸರಿಯಾಗಿ ಕೂತಿತು.

ನಾಲ್ಕು ಗಂಟೆಗೆ ವಾರ್ತೆ ಶುರುವಾಯಿತು. ದೊಡ್ಡ ಮೇಜಿನ ಹಿಂದೆ ಕೋಟು ತೊಟ್ಟವನು ಏನೇನೋ ಓದಿದ, ಅವನನ್ನು ಯಾರೂ ನೋಡಲಿಲ್ಲ. ಕೆಳಗಿನ ಮೂಲೆಯಲ್ಲಿ, ಅಂಗೈಯಗಲದ ಚೌಕದಲ್ಲಿ, ನೀಲಿ ಅಂಗಿಯ ನಾದಿನಿ ಕಣ್ಣು ಮಿಟುಕಿಸುತ್ತ ನಿಂತಿದ್ದಳು. ಸೇತುವೆಗಳು, ಬೆಲೆಗಳು, ಆಟಗಳು, ಎಲ್ಲವೂ ಅವಳ ಕೈಯಿಂದ ಒಂದೊಂದಾಗಿ ಹೊರಟು ಬಂದವು. ಬೆರಳು ಬೆರಳೂ ಬೇರೆಬೇರೆಯಾಗಿ ಕಾಣುತ್ತಿತ್ತು. ಅತ್ತೆ ಪರದೆಗೆ ಎರಡು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ರೆಪ್ಪೆ ಅಲುಗಿಸದೆ ಕೂತಿದ್ದರು. ಅರ್ಧದಲ್ಲೊಮ್ಮೆ ಮಗಳ ಕಡೆ ಕೈಮಾಡಿ "ನಿಧಾನ" ಎಂದು ಗದರಿದರು.

ಕೋಟಿನವನು ನಮಸ್ಕಾರ ಹೇಳಿದ. ನಾದಿನಿಯೂ ಹೇಳಿದಳು. ಚೌಕ ಇನ್ನೂ ಅಲ್ಲೇ ಇತ್ತು. ಅವಳ ಬಲಗೈ ಎದೆಯ ಹತ್ತಿರ ಹೋಯಿತು. ಹೆಬ್ಬೆರಳು ತೋರುಬೆರಳು ಕೂಡಿದವು. ಸೂಜಿಯಲ್ಲಿ ದಾರ ಎಳೆದಂತೆ ಕೈ ಮುಂದಕ್ಕೆ ಬಂದು ನಿಂತಿತು: ಅಮ್ಮನ ಹೆಸರು.

ಕುರ್ಚಿಯಲ್ಲಿದ್ದ ಅತ್ತೆ ಮುಂದಕ್ಕೆ ಬಾಗಿದರು. ಪರದೆಯ ಬೆಳಕು ಬೀಳುತ್ತಿದ್ದ ತಮ್ಮ ಎರಡು ಬೆರಳುಗಳಲ್ಲಿ ಆ ದಾರದ ತುದಿಯನ್ನು ಹಿಡಿದು, ಕಾಜ ಮುಗಿಸುವಾಗ ಮಾಡುವಂತೆ ಮೆಲ್ಲಗೆ ಎಳೆದು, ಗಂಟು ಹಾಕಿದರು.