ಹಾಕಿದವಳ ಬೀಗ

ಎಲ್ಲೋ ಗಾಳಿ ಸೋರುತ್ತಿದೆ, ಸ್ಸ್ ಸ್ಸ್ ಎಂದು, ಬಿಟ್ಟು ಬಿಟ್ಟು, ಆದರೆ ಗಾಳಿಯಿಂದ ನಡೆಯುವಂಥದ್ದು ಈ ಲಿಫ್ಟಿನಲ್ಲಿ ಏನಿದೆ, ಬರೀ ಮೋಟಾರು, ಉಕ್ಕಿನ ಹಗ್ಗ, ಚಕ್ರ, ಸೋರುವುದಕ್ಕೆ ಇದೇನು ಟಯರೇ ಟ್ಯೂಬೇ ಎಂದುಕೊಳ್ಳುತ್ತಲೇ ಅವಳು ಮೂರನೇ ಮಹಡಿಯ ಕಬ್ಬಿಣದ ಬಾಗಿಲನ್ನು ಇನ್ನೊಂದು ಗೇಣು ಸರಿಸಿ ಟಾರ್ಚು ಬಿಟ್ಟಳು, ಮೊಣಕಾಲಿನಷ್ಟು ಕೆಳಗೆ ಎಷ್ಟೋ ತಿಂಗಳಿಂದ ಕೆಟ್ಟು ನಿಂತಿದ್ದ ಲಿಫ್ಟಿನ ನೆತ್ತಿ, ಅದರ ಮೇಲೆ ಧೂಳು, ಇಲಿಗಳ ಎಲುಬು, ಕೂದಲಿನ ಉಂಡೆಗಳು, ಮತ್ತೆ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮೂರು ಬಿಳಿ ಮುಖ — ಅಯ್ಯೋ ನಿಮ್ಮ ಮನೆ ಹಾಳಾಗ, ಗೂಬೆ ಮರಿಗಳು, ಒಡೆದ ಗವಾಕ್ಷಿಯಿಂದ ತಾಯಿ ಒಳಗೆ ಬಂದು ಸಂಸಾರ ಹೂಡಿದ್ದಾಳೆ, ಬೆಳಕು ಬಿದ್ದದ್ದೇ ತಡ ಮೂರೂ ತಲೆ ತಗ್ಗಿಸಿ, ರೆಕ್ಕೆ ಅನ್ನಿಸಿಕೊಂಡ ಹತ್ತಿಯ ತುಂಡುಗಳನ್ನು ಅಗಲಿಸಿ ಮತ್ತೆ ಸ್ಸ್ ಎಂದವು, ಹಾರಲು ಬಾರದ ಮೂರು ಹಿಡಿ ಜೀವ ಅವಳನ್ನು ಹೆದರಿಸಲು ಎದ್ದು ನಿಂತಿವೆ, ಭಲೇ, ಹೆದರಿದೆ ಕಣ್ರಪ್ಪ, ಹೆದರಿದೆ — ಮನೆಯಲ್ಲಿ ಕಳ್ಳಿಯೂ ಹೀಗೇ, ಕಪಾಟಿನ ಬಾಗಿಲು ಕೆರೆದು ತೆಗೆಯುವಾಗ ಸಿಕ್ಕಿಬಿದ್ದರೆ ಬೆನ್ನು ಉಬ್ಬಿಸಿ ಬುಸುಗುಡುತ್ತಾಳೆ, ತಪ್ಪೆಲ್ಲ ಕಪಾಟಿನದೇ ಎಂಬಂತೆ, ಬೆಕ್ಕಿಗೆ ಕಳ್ಳಿ ಅಂತ ಹೆಸರಿಟ್ಟ ಮೇಲೆ ಅದು ಇನ್ನೇನು ಮಾಡುತ್ತೆ ಎಂದು ಮನೆಯವರು ತಮ್ಮ ರಟ್ಟು ಗೋಂದುಗಳ ನಡುವೆ ಕೂತು ನಗುತ್ತಾರೆ, ಪುಸ್ತಕಕ್ಕೆ ರಟ್ಟು ಕಟ್ಟುವ ಗಂಡ, ಲಿಫ್ಟು ರಿಪೇರಿ ಮಾಡುವ ಹೆಂಡತಿ, ಒಂದು ಕಳ್ಳ ಬೆಕ್ಕು, ಒಂದು ಫಿಟ್ಸ್ ಬರುವ ಮುದಿ ನಾಯಿ, ಇದೂ ಒಂದು ಸಂಸಾರವೇನೇ ಎಂದು ಅಕ್ಕ ಮೂಗು ಮುರಿಯುತ್ತಾಳೆ, ತಿಂಗಳಲ್ಲಿ ಅರ್ಧ ಊರೂರು ಅಲೀತೀಯ, ನಿಂಗ್ಯಾಕೆ ಬೇಕೇ ನಾಯಿ ಬೆಕ್ಕು, ಯಾರಿಗಾದ್ರೂ ಕೊಟ್ಬಿಡು, ಇಲ್ಲಾ ಈ ಕೆಲಸ ಬಿಡು, ಎರಡರಲ್ಲಿ ಒಂದು ಹೇಳು — ಎರಡೂ ಬಿಡಲ್ಲ ಅಕ್ಕ, ಹೇಳಿ ಆಯ್ತಲ್ಲ, ಹೋಗು. ಆ ನಾಯಿ ಸಿಕ್ಕಿದ್ದೇ ಲಿಫ್ಟಿನ ಗುಂಡಿಯಲ್ಲಿ, ಮೈಯೆಲ್ಲ ಗ್ರೀಸು ಬಳಿದುಕೊಂಡ ಮರಿ, ಹೊಟ್ಟೆ ಮಾತ್ರ ದುಂಡಗೆ, ಅದಕ್ಕೇ ಸಾಹುಕಾರ ಎಂದು ಕರೆದದ್ದು, ಕೆಲಸವಿಲ್ಲದಿದ್ದರೆ ಸಾಹುಕಾರನೂ ಇರುತ್ತಿರಲಿಲ್ಲ, ಅಕ್ಕನಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ.

ಏನ್ ಮೇಡಂ, ಓಡ್ಸೋಣ್ವಾ ಎಂದು ಗೋದಾಮಿನ ಮ್ಯಾನೇಜರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ, ಹಾಸಿಗೆಗಳ ಗೋದಾಮು ಇದು, ಲಿಫ್ಟು ಕೆಟ್ಟಾಗಿನಿಂದ ಆಳುಗಳು ತಲೆಯ ಮೇಲೆ ಹಾಸಿಗೆ ಹೊತ್ತು ಹತ್ತುತ್ತಾರೆ, ದೂರದಿಂದ ನೋಡಿದರೆ ಹಾಸಿಗೆಗಳಿಗೇ ಕಾಲು ಬಂದಂತೆ ಕಾಣುತ್ತದೆ, ಪಾಪ ಅವರ ಕುತ್ತಿಗೆ, ಅದೂ ಗೊತ್ತು ಅವಳಿಗೆ, ಅದಕ್ಕೇ ಬಸ್ಸಿಳಿದವಳು ಮುಖ ತೊಳೆದು ನೇರ ಮೋಟಾರು ಕೋಣೆಗೆ ಹತ್ತಿದ್ದು, ಮೋಟಾರಿನ ಕೆಲಸ ಮುಗಿದೂ ಆಯಿತು, ಉಳಿದದ್ದು ಲಿಫ್ಟಿನ ನೆತ್ತಿ ನೋಡಿ ಒಂದು ಸಲ ಮೇಲೆ ಕೆಳಗೆ ಓಡಿಸುವುದು ಮಾತ್ರ, ಮಧ್ಯಾಹ್ನದ ಬಸ್ಸು ಹಿಡಿದರೆ ರಾತ್ರಿಗೆ ಮನೆ — ಆಗಲ್ಲ ಸಾರ್ ಎಂದಳು, ಮರಿಗಳಿವೆ, ಲಿಫ್ಟು ಮೇಲೆ ಹೋದ್ರೆ ಚಾವಣಿಗೆ ಸಿಕ್ಕಿ ಅಪ್ಪಚ್ಚಿ ಆಗ್ತವೆ, ಕೆಳಗೆ ಹೋದ್ರೆ ತಾಯಿಗೆ ಸಿಗಲ್ಲ, ರೆಕ್ಕೆ ಬಲಿತು ಹಾರೋ ತನಕ ಇದನ್ನ ಅಲ್ಲಾಡಿಸೋ ಹಾಗಿಲ್ಲ. ಅವನು ಬಗ್ಗಿ ನೋಡಿದ, ಮೂರೂ ಅವನಿಗೂ ಸ್ಸ್ ಎಂದವು, ಎರಡು ಹೆಜ್ಜೆ ಹಿಂದೆ ಹಾರಿದ, ಗೂಬೆನಾ, ಅಷ್ಟೇ ತಾನೇ, ನಮ್ಮವರನ್ನ ಕರೀತೀನಿ, ಒಂದು ಕೋಲು ತಗೊಂಡು ಗುಂಡಿಗೆ ತಳ್ಳಿದ್ರೆ ಮುಗೀತು ಅಂದ, ತಳ್ಳಿ ನೋಡಿ ಅಂದಳು, ನೋಡಿ ಮೇಡಂ, ಸುಮ್ಸುಮ್ನೆ ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ ಅಂದ, ನಿಮ್ಮ ತಲೆ ಮೇಲೆ ಎಲ್ಲಿ ಸಾರ್, ಕೂತಿರೋದು ನಿಮ್ಮ ಲಿಫ್ಟಿನ ತಲೆ ಮೇಲೆ ಅಂದಳು, ಅಂದವಳೇ ಬಾಗಿಲು ಎಳೆದಳು, ಕಟಕ್, ಇನ್ನು ಅದನ್ನು ಹೊರಗಿನಿಂದ ತೆಗೆಯುವ ಮೂರು ಮೂಲೆಯ ಚಾವಿ ಇರುವುದು ಅವಳ ಸೊಂಟದಲ್ಲಿ, ಆದರೆ ಮೇಲೆ ಹೋಗಿ ಸ್ವಿಚ್ಚು ಹಾಕಲು ಯಾವ ಚಾವಿಯೂ ಬೇಕಿಲ್ಲವಲ್ಲ, ಅವಳೇ ಬೆಳಗ್ಗೆಯೆಲ್ಲ ಕೂತು ರಿಪೇರಿ ಮಾಡಿಟ್ಟ ಮೋಟಾರು, ಯಾರು ಒತ್ತಿದರೂ ಓಡುತ್ತದೆ, ಎಂಥ ಕೆಲಸ ಮಾಡಿಟ್ಟೆ, ಎಂದು ಎರಡೆರಡು ಮೆಟ್ಟಿಲು ಹಾರುತ್ತ ಮೋಟಾರು ಕೋಣೆಗೆ ಓಡಿದಳು, ಹಿಂದೆ ಅವನು, ಮೇಡಂ ಮೇಡಂ ಎನ್ನುತ್ತ.

ದೊಡ್ಡ ಸ್ವಿಚ್ಚನ್ನು ಕೆಳಕ್ಕೆ ಎಳೆದು, ಅದರ ಕಿವಿಯಲ್ಲಿ ತನ್ನ ಕೆಂಪು ಬೀಗ ತೂರಿಸಿ ಒತ್ತಿದಳು. ಈ ಕಸುಬಿನಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಕೆಂಪು ಬೀಗ, ಯಂತ್ರದೊಳಗೆ ಕೈ ಇಡುವ ಮೊದಲು ಸ್ವಿಚ್ಚಿಗೆ ಅದನ್ನು ಹಾಕಿ ಚಾವಿ ಜೇಬಿಗಿಟ್ಟುಕೊಳ್ಳಬೇಕು, ಹಾಕಿದವರೇ ತೆಗೆಯಬೇಕು, ಯಜಮಾನನೇ ಬರಲಿ, ಅವನಪ್ಪನೇ ಬರಲಿ, ಬೇರೆಯವರು ಮುಟ್ಟುವಂತಿಲ್ಲ, ಕೆಲಸ ಕಲಿಸಿದ ಮೇಸ್ತ್ರಿಯ ಬಲಗೈಯಲ್ಲಿ ಹೆಬ್ಬೆರಳು ಕಿರುಬೆರಳು ಮಾತ್ರ ಇದ್ದವು, ನಡುವಿನವು ಹಗ್ಗಕ್ಕೂ ಚಕ್ರಕ್ಕೂ ನಡುವೆ ಹೋದದ್ದು, ಕೆಳಗೆ ಕಾದು ಬೇಸತ್ತ ಯಾರೋ ಬಂದು ಇಷ್ಟ್ಯಾಕೆ ತಡ ಎಂದು ಬೀಗ ಒಡೆದು ಸ್ವಿಚ್ಚು ಹಾಕಿದ್ದರಂತೆ, ಆ ಎರಡು ಬೆರಳನ್ನೇ ಮುಖದ ಮುಂದೆ ಹಿಡಿದು ಕಲಿಸಿದ ಪಾಠ, ಮರೆಯುವುದುಂಟೇ, ಮನೆಯವರಿಗೂ ಹೇಳಿಕೊಟ್ಟಿದ್ದಾಳೆ, ನನ್ನ ಬೀಗ ಮುಟ್ಟಿದ್ರೆ ನಿಮ್ಮ ಕೈ ಮುರೀತೀನಿ ಎಂದು ನಗುತ್ತಲೇ ಹೇಳಿದ್ದು, ಅವರು ಮಾತ್ರ ನಗಲಿಲ್ಲ, ಶಾಲೆ ಹುಡುಗನಂತೆ ತಲೆಯಾಡಿಸಿದರು — ಚಾವಿಯನ್ನು ಜೇಬಿಗೆ ಬಿಟ್ಟಳು, ಟಿಣ್ ಎಂದಿತು. ಟಿಣ್ ಎನ್ನಲು ಈ ಜೇಬಿನಲ್ಲಿ ಇನ್ನೊಂದು ಏನಿದೆ, ಬೆಳಗ್ಗೆ ಬೀಗದ ಚಾವಿ ಇಟ್ಟದ್ದು ಆಚೆ ಜೇಬಿನಲ್ಲಿ. ಕೈ ಹಾಕಿ ತೆಗೆದಳು, ಅಂಗೈಯಲ್ಲಿ ಎರಡು ಚಾವಿ, ಒಂದೇ ಥರದವು, ಕಂಪನಿಯಿಂದ ಬಂದ ಇನ್ನೊಂದು ಕೆಂಪು ಬೀಗವನ್ನು ಅವಳೇ ಮನೆಯ ಕಪಾಟಿಗೆ ಹಾಕಿದ್ದಳು, ಕಳ್ಳಿ ಬಾಗಿಲು ಕೆರೆದು ಸಾಹುಕಾರನ ಮಾತ್ರೆಗಳನ್ನು ನೆಲದ ಮೇಲೆ ಉರುಳಾಡಿಸುತ್ತಾಳೆಂದು, ಮಾತ್ರೆ ಒಳಗೆ, ಡಾಕ್ಟರ ಚೀಟಿಯೂ ಒಳಗೆ, ಆ ಚೀಟಿಯಿಲ್ಲದೆ ಯಾವ ಅಂಗಡಿಯವನೂ ಆ ಮಾತ್ರೆ ಕೊಡುವುದಿಲ್ಲ, ನಿನ್ನೆ ಹೊರಡುವ ಗಡಿಬಿಡಿಯಲ್ಲಿ ಮೊಳೆಗೆ ನೇತುಹಾಕಬೇಕಾದ ಚಾವಿ ಅವಳ ಜೇಬಿನಲ್ಲೇ ಕೂತು ಬಸ್ಸು ಹತ್ತಿ ಇಷ್ಟು ದೂರ ಬಂದಿದೆ, ಸಂಜೆಯ ಮಾತ್ರೆ ತಪ್ಪಿತು, ಇವತ್ತು ಬೆಳಗಿನದೂ ತಪ್ಪಿತು, ಒಂದೂ ತಪ್ಪಬಾರದು ನೋಡಿ ಅಮ್ಮಾ, ಮುದಿ ಜೀವ, ತಪ್ಪಿದ್ರೆ ನಾನು ಜವಾಬ್ದಾರನಲ್ಲ ಎಂದಿದ್ದರು ಡಾಕ್ಟರು.

ಫೋನು ಚೀಲದಲ್ಲಿತ್ತು, ಯಂತ್ರದ ಹತ್ತಿರ ಇರುವಾಗ ಅದು ಬಾಯಿ ಮುಚ್ಚಿಕೊಂಡು ಚೀಲದಲ್ಲೇ ಇರಬೇಕು, ತೆಗೆದು ನೋಡಿದರೆ ಮೇಲಿಂದ ಕೆಳಗೆ ಬರೀ ಮನೆಯವರ ಕರೆಗಳೇ, ಒತ್ತಿದಳು, ಅಂತೂ ತೆಗೆದ್ಯಲ್ಲ ಕಣೇ ಎಂದ ದನಿ ಒದ್ದೆಯಾಗಿತ್ತು, ಚಾವಿ ಎಲ್ಲಿಟ್ಟಿದ್ದೀಯ, ನಿನ್ನೆಯಿಂದ ಇಡೀ ಮನೆ ಜಾಲಾಡಿದೆ, ನಿನ್ನೆ ಫೋನಲ್ಲಿ ಎಲ್ಲಾ ಸರಿ ಇದೆ ಅಂದ್ರಲ್ಲ ಎಂದಳು, ಸಿಗತ್ತೆ ಅಂದ್ಕೊಂಡೆ ಕಣೇ, ನೀನು ಬಸ್ಸಲ್ಲಿ ಕೂತು ಗಾಬರಿ ಆಗ್ತೀಯ ಅಂತ, ಚಾವಿ ನನ್ನ ಹತ್ರಾನೇ ಇದೆ ರೀ, ಒಡೀರಿ, ಬೀಗ ಒಡೀರಿ, ನಿನ್ ಬೀಗ ಕಣೇ ಅಂದರು, ಅಯ್ಯೋ ದೇವರೇ, ಇಂಥ ಗಂಡ ಯಾರಿಗುಂಟು, ನಾಯಿಗೆ ಎರಡು ಹೊತ್ತಿನ ಮಾತ್ರೆ ತಪ್ಪಿದರೂ ಹೆಂಡತಿಯ ಬೀಗ ಮುಟ್ಟದೆ ಕೂತಿದ್ದಾರೆ, ನಗಬೇಕೋ ಅಳಬೇಕೋ, ನನ್ ಬೀಗಾನೇ ರೀ, ನಾನೇ ಹೇಳ್ತಿದ್ದೀನಿ, ಪುಸ್ತಕದ ಬೆನ್ನು ಬಡಿಯೋ ಸುತ್ತಿಗೆ ತಗೊಳ್ಳಿ, ಒಡೀರಿ, ಎಂದು ಅವಳು ಕೂಗಿದ ಕೂಗಿಗೆ ಮೋಟಾರು ಕೋಣೆಯ ತಗಡೆಲ್ಲ ಝಲ್ಲೆಂದಿತು, ತಿರುಗಿ ನೋಡಿದರೆ ಬಾಗಿಲಲ್ಲಿ ಮ್ಯಾನೇಜರು, ಕೈಯಲ್ಲಿ ಕಬ್ಬಿಣದ ಸಲಾಕೆ, ಮುಖದ ತುಂಬ ನಗೆ, ಕೇಳಿಸ್ತು ಮೇಡಂ, ನಿಮ್ಮನೇಲಾದ್ರೆ ಒಡೀಬಹುದು, ಇಲ್ಲಿ ಒಡೀಬಾರ್ದೋ. ಒಡೀಬಾರ್ದು ಅಂದಳು, ಅಲ್ಲೂ ಹಾಕಿದವಳು ನಾನೇ, ಒಡೀರಿ ಅಂದವಳೂ ನಾನೇ, ಇಲ್ಲಿ ನಾನು ಹೇಳಿಲ್ಲ, ಹೇಳೋದೂ ಇಲ್ಲ, ಎಂದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು, ಬೀಗ ಬೆನ್ನಿನ ಎಲುಬಿಗೆ ಒತ್ತುತ್ತಿತ್ತು, ಒತ್ತಲಿ, ಅವನು ತನ್ನ ಫೋನು ಒತ್ತಿ ಏನೋ ದೂರು ಹೇಳಿ ಮುಂದೆ ಚಾಚಿದ, ನಿಮ್ ಕಂಪನಿ ಯಜಮಾನ್ರು, ಮಾತಾಡಿ, ಬಲಗಿವಿಗೆ ಯಜಮಾನ, ಎಡಗಿವಿಯಲ್ಲಿ ಸುತ್ತಿಗೆಯ ಏಟು, ಏನಮ್ಮಾ ಇದು, ಎರಡು ಹಕ್ಕಿಗೋಸ್ಕರ ಗಿರಾಕಿ ಕಳೀತೀಯಾ, ಚಾವಿ ಅವರ ಕೈಗೆ ಕೊಟ್ಟು ಬಾ, ಇಲ್ಲಾಂದ್ರೆ ನಾಳೆಯಿಂದ ಬರ್ಲೇಬೇಡ, ಎರಡಲ್ಲ ಸಾರ್, ಮೂರು, ಎಡಗಿವಿಯಲ್ಲಿ ಏಟು, ಇನ್ನೊಂದು ಏಟು, ಒಡೀತಿಲ್ಲ ಕಣೇ, ಹೊಡೀರಿ ರೀ, ಏನಂದೆ ಅಂದರು ಯಜಮಾನರು, ನಿಮಗಲ್ಲ ಸಾರ್, ಕೆಲಸ ನಿಮ್ದು, ಬೇಕಾದ್ರೆ ಕಿತ್ಕೊಳ್ಳಿ, ಬೀಗ ನಂದು. ಅವನ ಫೋನನ್ನು ಅವನಿಗೇ ಕೊಟ್ಟಳು.

ಕೊಟ್ಟವಳೇ ಹಾಗೇ ಗೋಡೆಗುಂಟ ಜಾರಿ ನೆಲಕ್ಕೆ ಕೂತಳು, ಬೆನ್ನು ಮಾತ್ರ ಸ್ವಿಚ್ಚಿನ ಪೆಟ್ಟಿಗೆ ಬಿಡಲಿಲ್ಲ, ಕೆಲಸ ಹೋಯಿತೇ, ಹೋಗಲಿ, ಹೋಗಿಲ್ಲವೇ, ಬಿಡಲ್ಲ, ಯಾವುದನ್ನೂ ಬಿಡಲ್ಲ ಅಕ್ಕ, ನಾಯಿಯನ್ನೂ ಬಿಡಲ್ಲ, ಊರೂರು ಅಲೆಯುವುದನ್ನೂ ಬಿಡಲ್ಲ, ಆ ಮೂರು ಬಿಳಿ ಮುಖಗಳನ್ನಂತೂ — ಒಡೀತು ಅಂದರು ಮನೆಯವರು, ಒಡೀತು ಕಣೇ, ಮಾತ್ರೆ ಸಿಕ್ತು, ಬಾ ಸಾಹುಕಾರ, ಬಾ ಮರಿ, ಮತ್ತೆ ಏನೋ ಉರುಳಿದ ಸದ್ದು, ಪಾತ್ರೆಯೋ ಸ್ಟೂಲೋ, ಆಮೇಲೆ ಮನೆಯವರ ಉಸಿರು ಮಾತ್ರ, ಬಂತು ಕಣೇ, ಬಿದ್ದ, ಓಡ್ತಿದ್ದಾನೆ. ಅವಳಿಗೆ ನೋಡುವುದೇ ಬೇಕಿಲ್ಲ, ಫಿಟ್ಸ್ ಬಂದರೆ ಸಾಹುಕಾರ ಮಗ್ಗುಲಿಗೆ ಬಿದ್ದು ನಾಲ್ಕೂ ಕಾಲು ಗಾಳಿಯಲ್ಲಿ ಆಡಿಸುತ್ತಾನೆ, ನೆಲಕ್ಕೆ ಒರಗಿಕೊಂಡೇ ಓಡುತ್ತಾನೆ, ಕಣ್ಣು ತೆರೆದೇ ಇರುತ್ತದೆ, ಬಾಯಿಗೆ ಕೈ ಹಾಕ್ಬೇಡಿ ರೀ, ಈಗ ಮಾತ್ರೆ ಬೇಡ, ನಿಲ್ಲಲಿ, ತಲೆ ಕೆಳಗೆ ದಿಂಬಿಡಿ, ಇಟ್ಟಿದ್ದೀನಿ, ಓಡ್ತಾನೇ ಇದ್ದಾನೆ, ಹೋದ ಸಲ ಇಷ್ಟು ಹೊತ್ತು ಇರ್ಲಿಲ್ಲ ಕಣೇ, ಗೊತ್ತು ರೀ, ಫೋನು ಅವನ ಕಿವಿ ಹತ್ರ ಹಿಡೀರಿ, ಹಿಡಿದರು, ಉಗುರು ನೆಲ ಕೆರೆಯುವ ಸದ್ದು ಕೇಳಿಸಿತು, ಓಡು ನನ್ನಪ್ಪ ಎಂದಳು ಜೋರಾಗಿ, ಯಾರು ಕೇಳಿದರೆ ಏನು, ಓಡು, ನಿಲ್ಲಬೇಡ, ಎಲ್ಲೆಲ್ಲಿ ಓಡಿ ಬರ್ತೀಯೋ ಬಾ, ನಾನೂ ಬರ್ತಿದ್ದೀನಿ, ಎದುರಿಗೆ ಬಾಗಿಲಲ್ಲಿ ಮ್ಯಾನೇಜರು ಸಲಾಕೆ ಹಿಡಿದು ನಿಂತೇ ಇದ್ದ, ಸಲಾಕೆಯ ತುದಿ ಯಾವಾಗಲೋ ನೆಲಕ್ಕೆ ತಾಗಿತ್ತು, ಕೆಳಗಿನ ಮೆಟ್ಟಿಲಿನಿಂದ ಹಾಸಿಗೆ ಹೊತ್ತವರ ಕೂಗು, ಸಾರ್, ಲಿಫ್ಟು ಬಂತಾ, ಬಂದಿಲ್ಲ, ಹತ್ರೋ ಸುಮ್ನೆ ಎಂದು ಅವನು ಕೆಳಕ್ಕೆ ಗದರಿ, ಖಾಲಿ ಡಬ್ಬಿಯ ಮೇಲೆ ಕೂತು, ಸಲಾಕೆಯನ್ನು ಪಕ್ಕಕ್ಕೆ ಮಲಗಿಸಿ, ದನಿ ತಗ್ಗಿಸಿ ಕೇಳಿದ, ನಿಂತಾ ಮೇಡಂ? ಅವಳು ಕೈ ಎತ್ತಿದಳು, ಮಾತಾಡಬೇಡಿ ಎಂದು, ನಿಧಾನ ಆಯ್ತು ಅಂದರು ಮನೆಯವರು, ಮುಂದಿನ ಕಾಲು ಎರಡೂ ನಿಂತ್ವು, ಉಸಿರು, ಉಸಿರಿದೆಯಾ ರೀ, ಗೊತ್ತಾಗ್ತಿಲ್ಲ ಕಣೇ, ತಡಿ, ಹಿಂದಿಂದೂ ಒಂದು ನಿಂತ್ತು, ಇನ್ನೊಂದು, ಇನ್ನೊಂದು ಏನ್ರೀ, ಹಿಂದಿನ ಎಡಗಾಲು, ಅದೊಂದು ಇನ್ನೂ — ಗ್ರೀಸಿನ ನೆಲ, ಬಿಸಿ ಮೋಟಾರಿನ ವಾಸನೆ, ಅಂಗೈಯಲ್ಲಿ ಎರಡು ಚಾವಿ, ಎಲ್ಲ ದೂರ ಸರಿದವು, ಒಂದು ಕಾಲು, ಪಾದದ ಬಿಳಿ ಕೂದಲು, ಸವೆದ ಉಗುರು, ನೆಲವಿಲ್ಲದ ಕಡೆ ನೆಲ ಒದೆಯುತ್ತ, ಒಂದು ಕಾಲು ಇನ್ನೂ ಓಡುತ್ತಿದೆ.